ಹಳೆಯ ಸೋಲುಗಳಿಗೆ ಉಂಗುರ ಏನು ಮಾಡುತ್ತದೆ?

ಪ್ರಶ್ನೆ: ನನ್ನ ತಮ್ಮನಿಗೂ ನನಗೂ ಒಂದು ವಾದ ಮುಗಿಯುತ್ತಲೇ ಇಲ್ಲ. ಕ್ರಿಸ್ ಪಾಲ್ ಇಪ್ಪತ್ತು ಸೀಸನ್ ದಾಟಿ ಆಡಿಯೂ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಚಾಂಪಿಯನ್ ಆಗಲಿಲ್ಲ. ಟೋನಿ ಪಾರ್ಕರ್ ನಾಲ್ಕು ಸಲ ಆದರು. ಇಬ್ಬರೂ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸಿ, ಪಾಸ್ ಕೊಟ್ಟು ತಂಡದ ಆಟ ಕಟ್ಟುವವರು. ಹಾಗಾಗಿ ಪಾರ್ಕರ್ ದೊಡ್ಡ ಪಾಯಿಂಟ್ ಗಾರ್ಡ್ ಅಂತ ತಮ್ಮ ಹೇಳುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಯಾಕೆ ಅಂತ ಸರಿಯಾಗಿ ಹೇಳುವುದಕ್ಕೂ ಬರುತ್ತಿಲ್ಲ. ಚಾಂಪಿಯನ್‌ಷಿಪ್ ಗೆಲ್ಲುವುದು ಒಬ್ಬ ಪಾಯಿಂಟ್ ಗಾರ್ಡ್‌ನ ಹೆಸರಿಗೆ ನಿಜಕ್ಕೂ ಅಷ್ಟು ಮುಖ್ಯವೇ?

ಉತ್ತರ: ಮುಖ್ಯ ಹೌದು. ಆದರೆ ನಿಮ್ಮ ತಮ್ಮ ಅಂದುಕೊಂಡಿರುವ ರೀತಿಯಲ್ಲಿ ಅಲ್ಲ.

ಮೊದಲು ಅವನ ಮಾತನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಪಾರ್ಕರ್ ಕಥೆಯೊಳಗೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. 2003ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ ನ್ಯೂಜೆರ್ಸಿ ನೆಟ್ಸ್ ತಂಡವನ್ನು ಫೈನಲ್ಸ್‌ನಲ್ಲಿ, ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಸರಣಿಯಲ್ಲಿ, 4-2 ಅಂತರದಲ್ಲಿ ಸೋಲಿಸಿತು. ಸ್ಪರ್ಸ್‌ನ ಪಾಯಿಂಟ್ ಗಾರ್ಡ್ ಪಾರ್ಕರ್. ಆಗಿನ್ನೂ 21 ವರ್ಷ. ಸೋತ ತಂಡದ ಪಾಯಿಂಟ್ ಗಾರ್ಡ್ ಜೇಸನ್ ಕಿಡ್. ಗೆದ್ದ ಕೆಲವೇ ವಾರಗಳಲ್ಲಿ ಸ್ಪರ್ಸ್ ಏನು ಮಾಡಿತು ಗೊತ್ತಾ? ಕಿಡ್ ಅವರ ಒಪ್ಪಂದ ಮುಗಿದಿತ್ತು. ನಮ್ಮ ತಂಡಕ್ಕೆ ಬನ್ನಿ ಅಂತ ಅವರನ್ನೇ ಕರೆಯಿತು. ಗೆದ್ದ ಪಾಯಿಂಟ್ ಗಾರ್ಡ್ ಮನೆಯಲ್ಲಿರುವಾಗಲೇ ಸೋತ ಪಾಯಿಂಟ್ ಗಾರ್ಡ್‌ಗೆ ಆಹ್ವಾನ ಹೋಯಿತು! ಕಿಡ್ ಒಪ್ಪದೆ ನೆಟ್ಸ್‌ನಲ್ಲೇ ಉಳಿದರು, ಅದು ಬೇರೆ ಮಾತು. ಆದರೆ ಆಟವನ್ನು ಹತ್ತಿರದಿಂದ ಬಲ್ಲ ಜನ ಅವತ್ತು ಚಾಂಪಿಯನ್ನರಿಗೆ ಸಿಗುವ ಉಂಗುರ ಎಣಿಸಲಿಲ್ಲ. ಯಾರ ಕೈಯಲ್ಲಿ ಚೆಂಡು ಇದ್ದರೆ ನಮ್ಮ ತಂಡ ಇನ್ನೂ ಚೆನ್ನಾಗಿ ಆಡುತ್ತದೆ ಅಂತ ಮಾತ್ರ ನೋಡಿದರು.

ಎನ್‌ಬಿಎ ಚಾಂಪಿಯನ್ ಆದ ಪ್ರತಿ ಆಟಗಾರನಿಗೂ ಒಂದು ಉಂಗುರ ಕೊಡುತ್ತಾರೆ. ತಂಡದ ದೊಡ್ಡ ತಾರೆಗೂ ಅದೇ ಉಂಗುರ, ಬೆಂಚಿನ ಕೊನೆಯಲ್ಲಿ ಕೂತವನಿಗೂ ಅದೇ ಉಂಗುರ. ಅದಕ್ಕೇ ಸುಮ್ನೆ ಉಂಗುರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಡೆರೆಕ್ ಫಿಶರ್ ಬಳಿ ಐದು ಉಂಗುರ ಇವೆ. ಧೈರ್ಯವಂತ ಆಟಗಾರ, ಕೊನೆಯ ಕ್ಷಣದ ಹೊಡೆತಗಳಿಗೆ ಹೆಸರಾದವರು. ಆದರೆ ಒಂದೂ ಉಂಗುರ ಇಲ್ಲದ ಸ್ಟೀವ್ ನ್ಯಾಶ್‌ಗಿಂತ ಫಿಶರ್ ದೊಡ್ಡ ಪಾಯಿಂಟ್ ಗಾರ್ಡ್ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ತಮ್ಮನೂ ಹೇಳಲಿಕ್ಕಿಲ್ಲ.

ಹಾಗಾದರೆ ಉಂಗುರ ಮಾಡುವುದೇನು? ನನ್ನ ಅಭಿಪ್ರಾಯ ಇಷ್ಟು. ಉಂಗುರ ಆಟಗಾರನ ಆಟವನ್ನು ಬದಲಿಸುವುದಿಲ್ಲ. ಅವನ ಹಳೆಯ ಸೋಲುಗಳ ಅರ್ಥವನ್ನು ಬದಲಿಸುತ್ತದೆ. ಗೆದ್ದವನ ಸೋಲುಗಳು ಮೆಟ್ಟಿಲಾಗುತ್ತವೆ. ಗೆಲ್ಲದವನ ಸೋಲುಗಳು ಅವನ ಮೇಲಿನ ಸಾಕ್ಷಿಯಾಗುತ್ತವೆ. ಸೋಲು ಎರಡೂ ಕಡೆ ಒಂದೇ ಥರದ್ದಾಗಿರಬಹುದು.

ಮ್ಯಾಜಿಕ್ ಜಾನ್ಸನ್ ಉದಾಹರಣೆ ನೋಡಿ. ಈಗ ಅವರ ಹೆಸರು ಹೇಳಿದರೆ ಐದು ಚಾಂಪಿಯನ್‌ಷಿಪ್ ನೆನಪಾಗುತ್ತವೆ. 1980ರ ಫೈನಲ್ಸ್‌ನ ಆರನೇ ಪಂದ್ಯ ನೆನಪಾಗುತ್ತದೆ. ಅವರ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ದೊಡ್ಡ ತಾರೆ ಕರೀಮ್ ಅಬ್ದುಲ್ ಜಬ್ಬಾರ್ ಕಾಲು ಉಳುಕಿ ಆಡಲಿಲ್ಲ. ಮೊದಲ ವರ್ಷದ ಹುಡುಗ ಮ್ಯಾಜಿಕ್ 42 ಪಾಯಿಂಟ್, 15 ರೀಬೌಂಡ್ (ತಪ್ಪಿದ ಹೊಡೆತದ ಚೆಂಡು ಹಿಡಿದದ್ದು), 7 ಅಸಿಸ್ಟ್ (ಇನ್ನೊಬ್ಬ ಬುಟ್ಟಿಗೆ ಹಾಕಿದ ಪಾಸ್) ಮಾಡಿ ಕಪ್ ತಂದುಕೊಟ್ಟರು. ಆದರೆ 1984ರ ಫೈನಲ್ಸ್ ಎಷ್ಟು ಜನಕ್ಕೆ ನೆನಪಿದೆ? ಎದುರಾಳಿ ಬೋಸ್ಟನ್ ಸೆಲ್ಟಿಕ್ಸ್. ಎರಡನೇ ಪಂದ್ಯ ಸಮನಾಗಿ ನಿಂತಿದ್ದಾಗ ಮ್ಯಾಜಿಕ್ ಚೆಂಡು ತಟ್ಟುತ್ತಲೇ ನಿಂತರು, ಸಮಯ ಮುಗಿದೇ ಹೋಯಿತು, ಹೊಡೆತವೇ ಬರಲಿಲ್ಲ. ನಾಲ್ಕನೇ ಪಂದ್ಯದ ಕೊನೆಗೆ ಎರಡು ಫ್ರೀ ಥ್ರೋ ತಪ್ಪಿದವು. ಏಳನೇ ಪಂದ್ಯದ ಕೊನೆಯಲ್ಲಿ ಚೆಂಡು ಕೈ ತಪ್ಪಿತು. ಲೇಕರ್ಸ್ ಸೋತಿತು. ಅವರ ಹೆಸರನ್ನೇ ತಿರುಚಿ 'ಟ್ರ್ಯಾಜಿಕ್ ಜಾನ್ಸನ್' ಅಂತ ಆಡಿಕೊಂಡರು. ಅದೂ ಆ ಹೊತ್ತಿಗಾಗಲೇ ಎರಡು ಉಂಗುರ ಗೆದ್ದವರನ್ನು!

ಮುಂದಿನ ವರ್ಷ ಲೇಕರ್ಸ್ ಅದೇ ಸೆಲ್ಟಿಕ್ಸ್ ತಂಡವನ್ನು ಬೋಸ್ಟನ್‌ನಲ್ಲೇ ಸೋಲಿಸಿತು. 1987ರಲ್ಲಿ ಮತ್ತೆ ಅದೇ ಎದುರಾಳಿ. ನಾಲ್ಕನೇ ಪಂದ್ಯದ ಕೊನೆಯ ಕ್ಷಣದಲ್ಲಿ ಮ್ಯಾಜಿಕ್ ಒಂದು ಪುಟ್ಟ ಹುಕ್ ಶಾಟ್ ಹಾಕಿ ಒಂದು ಪಾಯಿಂಟ್‌ನಿಂದ ಗೆಲ್ಲಿಸಿದರು. ಅಲ್ಲಿಗೆ 1984 ಒಂದು ಪಾಠದ ಹಾಗೆ ಕಾಣತೊಡಗಿತು. ಆ ಸೋಲಿನಿಂದ ಕಲಿತರು, ಗಟ್ಟಿಯಾದರು ಅಂತ ಜನ ಹೇಳಲು ಶುರು ಮಾಡಿದರು. 1984ರಲ್ಲಿ ನಡೆದದ್ದರಲ್ಲಿ ಒಂದು ಸೆಕೆಂಡೂ ಬದಲಾಗಿರಲಿಲ್ಲ.

ಡೆಟ್ರಾಯಿಟ್ ಪಿಸ್ಟನ್ಸ್‌ನ ಐಸಯಾ ಥಾಮಸ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1987ರ ಪೂರ್ವ ವಿಭಾಗದ ಫೈನಲ್ (ಗೆದ್ದವರು ಫೈನಲ್ಸ್‌ಗೆ ಹೋಗುತ್ತಾರೆ), ಐದನೇ ಪಂದ್ಯ. ಪಿಸ್ಟನ್ಸ್ ಒಂದು ಪಾಯಿಂಟ್ ಮುಂದಿದೆ. ಉಳಿದಿರುವುದು ಐದು ಸೆಕೆಂಡ್. ಬದಿಯಿಂದ ಚೆಂಡು ಒಳಗೆ ಎಸೆಯುವುದಷ್ಟೇ ಐಸಯಾ ಕೆಲಸ. ಎದುರಾಳಿ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ನುಗ್ಗಿ ಆ ಪಾಸ್ ಕದ್ದರು, ಡೆನಿಸ್ ಜಾನ್ಸನ್‌ಗೆ ಕೊಟ್ಟರು, ಪಂದ್ಯ ಕೈಬಿಟ್ಟಿತು. ಮರುವರ್ಷ ಫೈನಲ್ಸ್‌ನ ಆರನೇ ಪಂದ್ಯ. ಪಿಸ್ಟನ್ಸ್ 3-2 ಮುಂದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಐಸಯಾ ಕಾಲು ಉಳುಕಿತು. ಕುಂಟುತ್ತಲೇ ಆಡಿದರು. ಆ ಒಂದೇ ಕ್ವಾರ್ಟರ್‌ನಲ್ಲಿ 25 ಪಾಯಿಂಟ್. ಇವತ್ತಿಗೂ ಅದು ಫೈನಲ್ಸ್ ದಾಖಲೆ. ಆದರೂ ಲೇಕರ್ಸ್ 103-102ರಿಂದ ಗೆದ್ದಿತು, ಏಳನೇ ಪಂದ್ಯವನ್ನೂ ಗೆದ್ದಿತು.

ಅಲ್ಲಿಗೇ ನಿಂತಿದ್ದರೆ ಐಸಯಾ ಅಂದರೆ ಬರ್ಡ್ ಕೈಗೆ ಚೆಂಡು ಕೊಟ್ಟವರು ಅಂತಲೇ ಉಳಿಯುತ್ತಿತ್ತು. ಆದರೆ 1989ರಲ್ಲೂ 1990ರಲ್ಲೂ ಪಿಸ್ಟನ್ಸ್ ಗೆದ್ದಿತು. 1990ರ ಫೈನಲ್ಸ್ ಎಂವಿಪಿ (ಅತ್ಯುತ್ತಮ ಆಟಗಾರ) ಅವರೇ. ಈಗ ಅದೇ 25 ಪಾಯಿಂಟ್‌ಗಳನ್ನು ತೋರಿಸಿ, ನೋಡಿ ಈ ಮನುಷ್ಯನ ಛಲ ಅಂತಾರೆ. ಎರಡು ವರ್ಷ ಗೆಲುವು ತಡವಾಗಿ ಬಂತು, ಹಿಂದಿನ ಎರಡು ವರ್ಷದ ಕಥೆಯನ್ನೂ ತಾನೇ ಮತ್ತೆ ಬರೆಯಿತು.

ಈಗ ಕ್ರಿಸ್ ಪಾಲ್ ಕಡೆ ಬರೋಣ. ನೀವು ಕೇಳಿದ್ದು ಅವರ ಬಗ್ಗೆ, ಅಲ್ವಾ? ನನಗೂ ಮನಸ್ಸಿಗೆ ಹತ್ತಿರವಾದ ವಿಷಯ ಇದು.

2018. ಹೂಸ್ಟನ್ ರಾಕೆಟ್ಸ್ ಆ ಸೀಸನ್‌ನಲ್ಲಿ 65 ಪಂದ್ಯ ಗೆದ್ದಿತ್ತು. ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 3-2 ಮುನ್ನಡೆ. ಎದುರಿಗೆ ಸ್ಟೀಫನ್ ಕರಿ, ಡುರಾಂಟ್, ಥಾಂಪ್ಸನ್, ಗ್ರೀನ್ ಎಂಬ ನಾಲ್ಕು ತಾರೆಗಳು ಒಟ್ಟಿಗೆ ಇದ್ದ ತಂಡ. ಐದನೇ ಪಂದ್ಯದ ಕೊನೆಯ ನಿಮಿಷದಲ್ಲಿ ಪಾಲ್ ಅವರ ತೊಡೆಯ ಹಿಂಭಾಗದ ಸ್ನಾಯು ಎಳೆಯಿತು. ಆರು, ಏಳನೇ ಪಂದ್ಯ ಆಡಲಾಗಲಿಲ್ಲ. ಎರಡೂ ಪಂದ್ಯಗಳಲ್ಲಿ ರಾಕೆಟ್ಸ್ ಮೊದಲರ್ಧದಲ್ಲಿ ಮುಂದಿತ್ತು, ಎರಡೂ ಸೋತಿತು. ಏಳನೇ ಪಂದ್ಯದಲ್ಲಿ ದೂರದಿಂದ ಹೊಡೆದ ಸತತ 27 ತ್ರೀ ಪಾಯಿಂಟ್ ಹೊಡೆತಗಳು ಬುಟ್ಟಿ ಸೇರಲಿಲ್ಲ. ತಂಡ ಕಂಗಾಲಾದಾಗ ಆಟದ ವೇಗ ತಗ್ಗಿಸಿ, ತಮಗೆ ಇಷ್ಟವಾದ ಜಾಗದಿಂದ ಒಂದು ಮಧ್ಯದೂರದ ಹೊಡೆತ ಹಾಕಿ ಎಲ್ಲರಿಗೂ ಉಸಿರು ಬಿಡಲು ಸಮಯ ಕೊಡುವುದು, ಇದೇ ಪಾಲ್ ಅವರ ಕಸುಬು. ಆ ಹೊತ್ತಿನಲ್ಲಿ ಅವರು ಬೆಂಚಿನಲ್ಲಿ ಕೂತಿದ್ದರು.

2021. ಫೀನಿಕ್ಸ್ ಸನ್ಸ್. ಹತ್ತು ವರ್ಷ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ಮುಖ ನೋಡದ ತಂಡ. ಪಾಲ್ ಬಂದ ಮೊದಲ ಸೀಸನ್‌ನಲ್ಲೇ ಫೈನಲ್ಸ್‌ಗೆ ಹೋಯಿತು. ಆಗ ಅವರಿಗೆ 36 ವರ್ಷ. ಮಿಲ್ವಾಕಿ ಬಕ್ಸ್ ವಿರುದ್ಧ 2-0 ಮುಂದಿದ್ದು 4-2ರಿಂದ ಸೋತರು. ಕೊನೆಯ ಪಂದ್ಯದಲ್ಲಿ ಯಾನಿಸ್ ಆಂಟೆಟೊಕೌನ್ಪೊ 50 ಪಾಯಿಂಟ್ ಹೊಡೆದರು. ಅದಕ್ಕೆ ಪಾಯಿಂಟ್ ಗಾರ್ಡ್ ಏನು ತಾನೇ ಮಾಡಬಲ್ಲ?

ಪಾಲ್ ಅವರ ಪಾಲಿನ ತಪ್ಪೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಫೈನಲ್ಸ್‌ನ ನಾಲ್ಕನೇ ಪಂದ್ಯದ ಕೊನೆಗೆ, ಪಂದ್ಯ ಇನ್ನೂ ಕೈಯಲ್ಲಿದ್ದಾಗ, ಬಕ್ಸ್‌ನ ಜ್ರೂ ಹಾಲಿಡೇ ಎದುರು ಕಾಲು ಜಾರಿ ಚೆಂಡು ಕಳೆದುಕೊಂಡರು. 2015ರಲ್ಲಿ ಅವರಿದ್ದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ 3-1 ಮುನ್ನಡೆ ಕೈಚೆಲ್ಲಿತು. ಅದು ದೊಡ್ಡ ಕುಸಿತವೇ. ಆದರೆ ಒಮ್ಮೆ ಯೋಚಿಸಿ. 1984ರಲ್ಲಿ ಮ್ಯಾಜಿಕ್ ಮಾಡಿದ ತಪ್ಪುಗಳಿಗಿಂತ ಇವು ದೊಡ್ಡವೇ? ಬರ್ಡ್‌ಗೆ ಹೋದ ಆ ಪಾಸ್‌ಗಿಂತ ದೊಡ್ಡವೇ? ಒಂದೇ ವ್ಯತ್ಯಾಸ. ಅವರಿಬ್ಬರಿಗೆ ಆಮೇಲೆ ಗೆಲುವು ಬಂತು, ಇವರಿಗೆ ಬರಲಿಲ್ಲ. ಹಾಗಾಗಿ ಅವರ ತಪ್ಪುಗಳನ್ನು ಜನ ಮರೆತರು. ಇವರ ತಪ್ಪುಗಳನ್ನು ಪಟ್ಟಿ ಮಾಡಿ ಇಟ್ಟುಕೊಂಡಿದ್ದಾರೆ.

ಇದು ಎಲ್ಲ ಆಟಗಾರರಿಗೂ ಆಗುವ ಅನ್ಯಾಯ ಅನ್ನಬಹುದು. ಆದರೆ ಪಾಯಿಂಟ್ ಗಾರ್ಡ್‌ಗೆ ಜಾಸ್ತಿ ಆಗುತ್ತದೆ. ಅದಕ್ಕೆ ಕಾರಣ ಆ ಕೆಲಸದೊಳಗೇ ಇದೆ.

ಅಸಿಸ್ಟ್ ಅಂದರೆ ಏನು? ನೀವು ಪಾಸ್ ಕೊಡುತ್ತೀರಿ, ಇನ್ನೊಬ್ಬ ಬುಟ್ಟಿಗೆ ಹಾಕುತ್ತಾನೆ. ಆಗ ಮಾತ್ರ ನಿಮ್ಮ ಹೆಸರಿಗೆ ಒಂದು ಅಸಿಸ್ಟ್. ಅವನು ತಪ್ಪಿಸಿದರೆ ನಿಮ್ಮ ಪಾಸ್ ಎಷ್ಟೇ ಚೆನ್ನಾಗಿದ್ದರೂ ಸೊನ್ನೆ. ಈಗ ಕ್ಯಾಮೆರಾಗಳು ಬಂದಿವೆ. ಹೊಡೆತ ತಪ್ಪಿದರೂ ಆ ಪಾಸನ್ನು ಬೇರೆಯಾಗಿ ಎಣಿಸುವ ಲೆಕ್ಕ ಎನ್‌ಬಿಎಯಲ್ಲಿ ಈಗ ಇದೆ. ಬುಟ್ಟಿ ಸೇರಿದ್ದರೆ ಅಸಿಸ್ಟ್ ಆಗುತ್ತಿದ್ದ ಪಾಸ್‌ಗಳು ಎಷ್ಟು ಅಂತ ಅದು ಹೇಳುತ್ತದೆ. ಒಂದು ಪಂದ್ಯಕ್ಕೆ ಈ ಲೆಕ್ಕ ಸಿಗುತ್ತದೆ. ಒಂದು ವೃತ್ತಿಜೀವನಕ್ಕೆ ಸಿಗುವುದಿಲ್ಲ. ಪಾಯಿಂಟ್ ಗಾರ್ಡ್‌ನ ಇಡೀ ವೃತ್ತಿಯೇ ಒಂದು ಉದ್ದನೆಯ ಪಾಸ್ ಇದ್ದ ಹಾಗೆ. ಕೊನೆಗೆ ಬುಟ್ಟಿಗೆ ಹಾಕುವವರು ಬೇರೆಯವರು.

ಜಾನ್ ಸ್ಟಾಕ್ಟನ್ ಅವರನ್ನೇ ನೋಡಿ. 15,806 ಅಸಿಸ್ಟ್, 3,265 ಸ್ಟೀಲ್ (ಎದುರಾಳಿಯಿಂದ ಕದ್ದ ಚೆಂಡು). ಎರಡೂ ಎನ್‌ಬಿಎ ದಾಖಲೆ. ಯೂಟಾ ಜಾಝ್‌ನಲ್ಲಿ 19 ಸೀಸನ್ ಆಡಿದರು, ಹತ್ತೊಂಬತ್ತರಲ್ಲೂ ತಂಡ ಪ್ಲೇಆಫ್ ತಲುಪಿತು. 1997ರಲ್ಲಿ ಹೂಸ್ಟನ್ ವಿರುದ್ಧ ಗಡಿಯಾರ ಮುಗಿಯುವಾಗ ತ್ರೀ ಪಾಯಿಂಟರ್ ಹೊಡೆದು ತಂಡವನ್ನು ಫೈನಲ್ಸ್‌ಗೆ ಒಯ್ದರು. ಒತ್ತಡದಲ್ಲಿ ಕುಗ್ಗುತ್ತಾರೆ ಅಂತ ಅವರಿಗೆ ಹೇಳುವ ಹಾಗೇ ಇಲ್ಲ. ಆದರೆ 1997ರಲ್ಲೂ 1998ರಲ್ಲೂ ಎದುರಿಗೆ ಮೈಕಲ್ ಜೋರ್ಡನ್ ಇದ್ದ ಬುಲ್ಸ್. ಎರಡೂ ಸಲ 4-2. ಸ್ಟಾಕ್ಟನ್ ಉಂಗುರ ಗೆಲ್ಲದ್ದಕ್ಕೆ ಕಾರಣ ಹುಡುಕುವವರು ಸ್ಟಾಕ್ಟನ್ ಆಟದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಪಾಯಿಂಟ್ ಗಾರ್ಡ್ ಮುಂದೆ ನಿಂತು ಚಾಂಪಿಯನ್‌ಷಿಪ್ ಗೆಲ್ಲಿಸುವುದು ಎನ್‌ಬಿಎಯಲ್ಲಿ ಅಪರೂಪ. 1990ರ ಐಸಯಾ ಆದಮೇಲೆ ಫೈನಲ್ಸ್ ಎಂವಿಪಿ ಆದ ಅಪ್ಪಟ ಪಾಯಿಂಟ್ ಗಾರ್ಡ್‌ಗಳು 2025ರವರೆಗೆ ನಾಲ್ಕೇ ಜನ. 2004ರಲ್ಲಿ ಚಾನ್ಸಿ ಬಿಲಪ್ಸ್, 2007ರಲ್ಲಿ ಪಾರ್ಕರ್, 2022ರಲ್ಲಿ ಸ್ಟೀಫನ್ ಕರಿ, 2025ರಲ್ಲಿ ಶೇ ಗಿಲ್ಜಸ್ ಅಲೆಕ್ಸಾಂಡರ್. 2020ರಲ್ಲಿ ಲೆಬ್ರಾನ್ ಜೇಮ್ಸ್ ಚೆಂಡು ನಡೆಸುತ್ತಿದ್ದರು ನಿಜ, ಆದರೆ ಅವರ ಮೈಕಟ್ಟೇ ಬೇರೆ, ಅವರನ್ನು ಈ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ.

ಯಾಕೆ ಅಪರೂಪ? ಪ್ಲೇಆಫ್‌ನಲ್ಲಿ ಒಂದೇ ಎದುರಾಳಿ ಜೊತೆ ಏಳು ಪಂದ್ಯದವರೆಗೂ ಆಡಬೇಕು. ಎದುರಾಳಿ ಕೋಚ್‌ಗೆ ನಿಮ್ಮ ದೌರ್ಬಲ್ಯ ಹುಡುಕಲು ಬೇಕಾದಷ್ಟು ಸಮಯ ಇರುತ್ತದೆ. ಕುಳ್ಳ ಗಾರ್ಡ್ ಇದ್ದರೆ ಪ್ರತಿ ಸಲವೂ ಅವನನ್ನೇ ಪಿಕ್ ಅಂಡ್ ರೋಲ್‌ಗೆ (ಜೊತೆಗಾರ ರಕ್ಷಕನಿಗೆ ಅಡ್ಡ ನಿಂತು ದಾರಿ ಮಾಡಿಕೊಡುವ ಆಟ) ಎಳೆದು, ಎತ್ತರದವನ ಎದುರು ಒಬ್ಬಂಟಿಯಾಗಿ ನಿಲ್ಲಿಸುತ್ತಾರೆ. ಚೆಂಡು ಅವನ ಕೈಯಲ್ಲಿದ್ದರೆ ಇಬ್ಬರು ಸೇರಿ ಮುತ್ತುತ್ತಾರೆ. ಆಗ ಅವನು ಪಾಸ್ ಕೊಡಲೇಬೇಕು. ಸರಿಯಾದ ಆಟವೂ ಅದೇ. ಕೊನೆಗೆ ಹೊಡೆದವನಿಗೆ ಹೆಸರು. ಎತ್ತರದ ಆಟಗಾರ ಇಬ್ಬರ ತಲೆಯ ಮೇಲಿಂದಲೂ ಹೊಡೆಯಬಲ್ಲ. ಆರಡಿಯ ಗಾರ್ಡ್‌ಗೆ ಆ ಅನುಕೂಲ ಇಲ್ಲ. ಪಾಲ್ ಎತ್ತರ ಸುಮಾರು ಆರಡಿ. ಮ್ಯಾಜಿಕ್ ಆರಡಿ ಒಂಬತ್ತು ಇಂಚು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಇದು ನೆನಪಿರಲಿ.

ಉಂಗುರದಿಂದ ನಿಜವಾಗಿ ಮೇಲೆ ಬಂದವರೂ ಇದ್ದಾರೆ. ಬಿಲಪ್ಸ್ ಅದಕ್ಕೆ ಒಳ್ಳೆಯ ಉದಾಹರಣೆ. 1997ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆಯಾಗಿ ಬೋಸ್ಟನ್‌ಗೆ ಬಂದರು, ಮೊದಲ ಸೀಸನ್ ಮುಗಿಯುವ ಮುಂಚೆಯೇ ಅವರನ್ನು ಬೇರೆ ತಂಡಕ್ಕೆ ಕಳಿಸಿದರು. ಐದು ವರ್ಷದಲ್ಲಿ ನಾಲ್ಕು ತಂಡಕ್ಕೆ ಆಡಿ ಕೊನೆಗೆ ಡೆಟ್ರಾಯಿಟ್ ಸೇರಿದರು. 2004ರಲ್ಲಿ ಶಾಕ್, ಕೋಬಿ, ಮಲೋನ್, ಪೇಟನ್ ಎಂಬ ತಾರೆಗಳೆಲ್ಲರೂ ಇದ್ದ ಲೇಕರ್ಸ್ ತಂಡವನ್ನು ಪಿಸ್ಟನ್ಸ್ 4-1ರಿಂದ ಸೋಲಿಸಿತು. ದೊಡ್ಡ ತಾರೆ ಅಂತ ಯಾರೂ ಇಲ್ಲದ ಆ ತಂಡಕ್ಕೆ ಬಿಲಪ್ಸ್ ದಿಕ್ಕು ತೋರಿಸಿದ್ದರು. ಆ ಫೈನಲ್ಸ್ ಇಲ್ಲದಿದ್ದರೆ 2024ರಲ್ಲಿ ಅವರು ಹಾಲ್ ಆಫ್ ಫೇಮ್ (ಬಾಸ್ಕೆಟ್‌ಬಾಲ್ ಶ್ರೇಷ್ಠರ ಗೌರವಪಟ್ಟಿ) ಸೇರುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿ ಉಂಗುರ ಪುರಾವೆಯಾಗಿ ಕೆಲಸ ಮಾಡಿತು. ಅವರ ಆಟದ ಬೆಲೆ ಅಂಕಿಅಂಶದಲ್ಲಿ ಪೂರ್ತಿ ಕಾಣುತ್ತಿರಲಿಲ್ಲ, ಗೆಲುವು ಅದನ್ನು ಕಾಣಿಸಿತು.

ಅದೇ ಸೋತ ತಂಡದಲ್ಲಿದ್ದ ಗ್ಯಾರಿ ಪೇಟನ್‌ಗೆ 2006ರಲ್ಲಿ ಮಿಯಾಮಿ ಹೀಟ್ ಜೊತೆ ಉಂಗುರ ಸಿಕ್ಕಿತು. ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಗೆಲುವಿನ ಹೊಡೆತವೂ ಅವರದೇ. ಸಂತೋಷದ ವಿಷಯ. ಆದರೆ ಪೇಟನ್ ಅಂದರೆ ನೆನಪಾಗುವುದು ಸಿಯಾಟಲ್ ತಂಡ, ಆ ಬಿಗಿಯಾದ ರಕ್ಷಣೆ, 1996ರಲ್ಲಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ. ಮಿಯಾಮಿ ಉಂಗುರ ಅವರ ಹೆಸರಿಗೆ ಹೆಚ್ಚೇನೂ ಸೇರಿಸಲಿಲ್ಲ, ಒಂದು ಪ್ರಶ್ನೆಯನ್ನು ಮಾತ್ರ ಮುಚ್ಚಿಸಿತು. ಕಿಡ್ ಅವರದು ಇವೆರಡರ ನಡುವಿನದು. 2002, 2003ರಲ್ಲಿ ನೆಟ್ಸ್ ಜೊತೆ ಫೈನಲ್ಸ್ ಸೋತಿದ್ದರು. 2011ರಲ್ಲಿ 38ನೇ ವಯಸ್ಸಿಗೆ ಡಲ್ಲಾಸ್ ಮ್ಯಾವರಿಕ್ಸ್ ಜೊತೆ ಗೆದ್ದರು. ಮುಖ್ಯ ಆಟಗಾರ ಡಿರ್ಕ್ ನೊವಿಟ್ಸ್ಕಿ. ಆದರೂ ಚೆಂಡು ಎಲ್ಲಿಗೆ, ಯಾವಾಗ ಹೋಗಬೇಕು ಅಂತ ತೀರ್ಮಾನಿಸುತ್ತಿದ್ದವರು ಕಿಡ್. ಆ ಉಂಗುರ ಅವರು ದುಡಿದು ಪಡೆದದ್ದು.

ಹಾಗಂತ ಉಂಗುರ ಬಂದಮೇಲೆ ಜನ ಸುಮ್ಮನಾಗುತ್ತಾರೆ ಅಂದುಕೊಳ್ಳಬೇಡಿ. ಕರಿ ಅವರಿಗೆ 2018ರ ಹೊತ್ತಿಗೆ ಮೂರು ಉಂಗುರ ಇದ್ದವು. ಸಾಲಲಿಲ್ಲ. 2015ರ ಗೆಲುವಿನಲ್ಲಿ ಫೈನಲ್ಸ್ ಎಂವಿಪಿ ಜೊತೆಗಾರ ಇಗುಡಾಲಾ, ಮುಂದಿನ ಎರಡು ಗೆಲುವಿನಲ್ಲಿ ಡುರಾಂಟ್, ಇವರದೇನು ಅಂತ ಕೇಳಿದರು. 2022ರಲ್ಲಿ ಬೋಸ್ಟನ್‌ನಲ್ಲಿ ನಾಲ್ಕನೇ ಪಂದ್ಯದಲ್ಲಿ 43 ಪಾಯಿಂಟ್ ಹೊಡೆದು, ಫೈನಲ್ಸ್ ಎಂವಿಪಿ ಆದಮೇಲೆ ಆ ಬಾಯಿಗಳು ಮುಚ್ಚಿದವು. ಮಜಾ ಏನೆಂದರೆ ಆ ಮೊದಲ ಮೂರು ಗೆಲುವಿನಲ್ಲೂ ಎದುರಾಳಿಗಳು ಇಬ್ಬಿಬ್ಬರಾಗಿ ಓಡಿದ್ದು ಕರಿ ಹಿಂದೆಯೇ. ಉಳಿದವರಿಗೆ ಜಾಗ ಸಿಕ್ಕಿದ್ದು ಅದರಿಂದಲೇ.

ಇನ್ನು ನಿಮ್ಮ ತಮ್ಮನ ವಾದಕ್ಕೆ ನೇರವಾಗಿ ಬರುತ್ತೇನೆ. 2007ರ ಪಶ್ಚಿಮ ವಿಭಾಗದ ಎರಡನೇ ಸುತ್ತು. ಒಂದು ಕಡೆ ಪಾರ್ಕರ್ ಇದ್ದ ಸ್ಪರ್ಸ್, ಇನ್ನೊಂದು ಕಡೆ ನ್ಯಾಶ್ ಇದ್ದ ಸನ್ಸ್. ಮೊದಲ ಪಂದ್ಯದಲ್ಲಿ ಪಾರ್ಕರ್ ತಲೆಗೆ ಡಿಕ್ಕಿಯಾಗಿ ನ್ಯಾಶ್ ಮೂಗು ಒಡೆಯಿತು. ರಕ್ತ ನಿಲ್ಲದೆ ಪಂದ್ಯದ ಕೊನೆಯ ಮುಖ್ಯ ಕ್ಷಣಗಳಲ್ಲಿ ಹೊರಗೆ ಕೂತರು. ನಾಲ್ಕನೇ ಪಂದ್ಯದ ಕೊನೆಗೆ ಸ್ಪರ್ಸ್ ಆಟಗಾರ ರಾಬರ್ಟ್ ಹಾರಿ ಅವರು ನ್ಯಾಶ್ ಅವರನ್ನು ಬದಿಯ ಮೇಜಿಗೆ ತಳ್ಳಿದರು. ಸಿಟ್ಟಿನಲ್ಲಿ ಬೆಂಚ್ ಬಿಟ್ಟು ಎದ್ದ ಸನ್ಸ್‌ನ ಸ್ಟೌಡಮೈರ್ ಮತ್ತು ಡಿಯಾವ್ ಇಬ್ಬರಿಗೂ ಒಂದು ಪಂದ್ಯದ ನಿಷೇಧ. ಸರಣಿ 2-2 ಇದ್ದಾಗ ಐದನೇ ಪಂದ್ಯವನ್ನು ಸನ್ಸ್ ಅವರಿಬ್ಬರಿಲ್ಲದೆ ಆಡಿ ಮೂರು ಪಾಯಿಂಟ್‌ನಿಂದ ಸೋತಿತು. ಸ್ಪರ್ಸ್ ಮುಂದೆ ಹೋಗಿ ಚಾಂಪಿಯನ್ ಆಯಿತು. ಪಾರ್ಕರ್ ಫೈನಲ್ಸ್ ಎಂವಿಪಿ ಆದರು, ಯೂರೋಪಿನಿಂದ ಬಂದವರಲ್ಲಿ ಮೊದಲಿಗರು. ಎರಡು ಸಲ ಇಡೀ ಸೀಸನ್‌ನ ಎಂವಿಪಿ ಆಗಿದ್ದ ನ್ಯಾಶ್ ಕೊನೆಯವರೆಗೂ ಫೈನಲ್ಸ್ ಕಾಣಲೇ ಇಲ್ಲ.

ಪಾರ್ಕರ್ ಅದಕ್ಕೆ ಅರ್ಹರಲ್ಲ ಅಂತ ನಾನು ಹೇಳುತ್ತಿಲ್ಲ. 2003ರಲ್ಲಿ ಸ್ವಂತ ತಂಡವೇ ಪೂರ್ತಿ ನಂಬದ ಹುಡುಗ ನಾಲ್ಕು ವರ್ಷದಲ್ಲಿ ಫೈನಲ್ಸ್‌ನ ಅತ್ಯುತ್ತಮ ಆಟಗಾರನಾಗಿ ಬೆಳೆದರು. ಅವರ ಹಿರಿಮೆ ಆ ಬೆಳವಣಿಗೆಯಲ್ಲಿದೆ. ಆದರೆ 2021ರಲ್ಲಿ ಎನ್‌ಬಿಎ ತನ್ನ 75 ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ ಮಾಡಿದಾಗ ಪಾಲ್, ನ್ಯಾಶ್, ಸ್ಟಾಕ್ಟನ್ ಮೂವರ ಹೆಸರೂ ಅದರಲ್ಲಿ ಇತ್ತು. ಮೂವರಿಗೂ ಉಂಗುರ ಇಲ್ಲ. ನಾಲ್ಕು ಉಂಗುರದ ಪಾರ್ಕರ್ ಹೆಸರು ಇರಲಿಲ್ಲ. ತಮ್ಮನಿಗೆ ಇದನ್ನು ಹೇಳಿ ನೋಡಿ.

ನನ್ನ ತೀರ್ಪು ಕೇಳಿದರೆ, ಪಾಲ್ ದೊಡ್ಡ ಪಾಯಿಂಟ್ ಗಾರ್ಡ್. ಐದು ಸೀಸನ್ ಅಸಿಸ್ಟ್‌ನಲ್ಲಿ ಮೊದಲ ಸ್ಥಾನ, ಆರು ಸೀಸನ್ ಸ್ಟೀಲ್‌ನಲ್ಲಿ ಮೊದಲ ಸ್ಥಾನ. ಒಟ್ಟು ಅಸಿಸ್ಟ್‌ನಲ್ಲಿ ಸ್ಟಾಕ್ಟನ್ ಬಿಟ್ಟರೆ ಅವರೇ. ಇನ್ನೂ ದೊಡ್ಡದು, ಅವರು ಕಾಲಿಟ್ಟ ತಂಡಗಳು ಮೇಲೆ ಬಂದ ರೀತಿ. ಪಾಲ್ ಬರುವ ಮುಂಚಿನ ಸೀಸನ್‌ನಲ್ಲಿ ಸನ್ಸ್ 34 ಗೆಲುವು, 39 ಸೋಲು. ಅವರು ಬಂದ ವರ್ಷ 51 ಗೆಲುವು, 21 ಸೋಲು. ಪಾಯಿಂಟ್ ಗಾರ್ಡ್‌ನ ಬೆಲೆ ತಿಳಿಯಲು ನಾನು ಮೊದಲು ನೋಡುವುದು ಇದನ್ನೇ. ಅವನು ಬಂದಮೇಲೆ ಪಕ್ಕದವರು ಎಷ್ಟು ಸುಲಭವಾಗಿ ಆಡತೊಡಗಿದರು? ಆದರೆ ಉಂಗುರ ಇದ್ದಿದ್ದರೆ ಅವರನ್ನು ಮ್ಯಾಜಿಕ್, ಕರಿ ಪಕ್ಕದಲ್ಲೇ ಕೂರಿಸಿ ಮಾತಾಡುತ್ತಿದ್ದರು. ಈಗ ಒಂದು ಮೆಟ್ಟಿಲು ಕೆಳಗೆ ಇಡುತ್ತಾರೆ. ಆ ಒಂದು ಮೆಟ್ಟಿಲಿನ ನಷ್ಟ ನಿಜ. ನನಗೂ ಅದು ಬೇಸರದ ವಿಷಯ.

ಸಮಯ ಸಿಕ್ಕಾಗ ತಮ್ಮನ ಜೊತೆ ಕೂತು ಒಂದು ಪಂದ್ಯ ನೋಡಿ. 2021ರ ಪಶ್ಚಿಮ ವಿಭಾಗದ ಫೈನಲ್, ಆರನೇ ಪಂದ್ಯ, ಸನ್ಸ್ ಮತ್ತು ಕ್ಲಿಪ್ಪರ್ಸ್. ಹದಿನಾರು ವರ್ಷ ಕಾದಮೇಲೆ ಮೊದಲ ಸಲ ಫೈನಲ್ಸ್‌ಗೆ ಹೋಗುವ ಅವಕಾಶ, ಎದುರಿಗೆ ತಮ್ಮದೇ ಹಳೆಯ ತಂಡ. ಪಾಲ್ 41 ಪಾಯಿಂಟ್ ಹೊಡೆದರು, ಅದರಲ್ಲಿ 31 ಎರಡನೇ ಅರ್ಧದಲ್ಲಿ. 8 ಅಸಿಸ್ಟ್. ಒಂದು ಸಲವೂ ಚೆಂಡು ಕಳೆದುಕೊಳ್ಳಲಿಲ್ಲ. ಚೆಂಡು ಬುಟ್ಟಿ ಸೇರುವುದನ್ನಷ್ಟೇ ನೋಡಬೇಡಿ. ಅದಕ್ಕೆ ಎರಡು ಸೆಕೆಂಡ್ ಮುಂಚೆ ಪಾಲ್ ತಮ್ಮ ಬೆನ್ನ ಹಿಂದೆ ರಕ್ಷಕನನ್ನು ಹೇಗೆ ಸಿಕ್ಕಿಸಿಕೊಳ್ಳುತ್ತಾರೆ ನೋಡಿ. ಮುಂದಿರುವ ಎತ್ತರದವನು ಹಿಂದೆ ಸರಿಯಬೇಕೋ ಮುಂದೆ ಬರಬೇಕೋ ಗೊತ್ತಾಗದೆ ನಿಂತುಬಿಡುತ್ತಾನೆ. ಅವನು ಒಂದು ಹೆಜ್ಜೆ ಇಡುವವರೆಗೂ ಪಾಲ್ ಕಾಯುತ್ತಾರೆ.